ಸಂಜೆ ಏಳರಿಂದ ಒಂಬತ್ತು

ಚಿಂತಾಮಣಿಯ ನಮ್ಮ ಬೀದಿಯಲ್ಲಿ ಸಂಜೆ ಏಳು ಗಂಟೆಗೆ ಒಮ್ಮೆ ನಡೆದುಹೋದರೆ ಸಾಕು, ಯಾವ ಮನೆಯಲ್ಲಿ ಯಾವ ತರಗತಿಯ ಮಗುವಿದೆ ಎಂದು ಹೇಳಿಬಿಡಬಹುದು. ಒಂದು ಮನೆಯಿಂದ ಹದಿಮೂರರ ಮಗ್ಗಿ ಕೇಳುತ್ತದೆ, ಇನ್ನೊಂದರಿಂದ ಇಂಗ್ಲಿಷ್ ಸ್ಪೆಲ್ಲಿಂಗು. ಕುಕ್ಕರಿನ ಸೀಟಿಗಳ ನಡುವೆ "ಇನ್ನೊಂದು ಸಲ ಓದು" ಎನ್ನುವ ತಾಯಂದಿರ ದನಿ. ಎಂಟರ ಹೊತ್ತಿಗೆ ಕೆಲವು ಮನೆಗಳಲ್ಲಿ ಆ ದನಿ ಏರುತ್ತದೆ. ಎಂಟೂವರೆಗೆ ಒಂದೆರಡು ಕಡೆಯಿಂದ ಅಳು ಕೇಳಿಸುತ್ತದೆ. ಬೇರೆ ಯಾವ ಹೊತ್ತಿನಲ್ಲಿ ಮಗು ಹಾಗೆ ಅತ್ತರೂ ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ವಿಚಾರಿಸುತ್ತಾರೆ. ಓದಿನ ಕಾರಣಕ್ಕೆ ಅತ್ತರೆ ಮಾತ್ರ ಎಲ್ಲರೂ ಟಿವಿಯ ಸದ್ದು ಸ್ವಲ್ಪ ಏರಿಸಿಕೊಂಡು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಈ ಎರಡು ಗಂಟೆಗಳ ವಿಷಯ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಸುಲಭವಾಗಿ ಕಲಿಯುವ ಮಗುವಿಗೆ ಅದು ಹೇಗೋ ಕಳೆದುಹೋಗುವ ಹೊತ್ತು. ಓದು ಹತ್ತದ ಮಗುವಿನ ದಿನವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆಯಿಂದ ನಾಲ್ಕೂವರೆಯವರೆಗೆ ತನಗೆ ಬಾರದ ಕೆಲಸವನ್ನೇ ನಲವತ್ತು ಮಕ್ಕಳ ಎದುರಿಗೆ ಮಾಡಿ ಬರುತ್ತದೆ. ಐದಕ್ಕೆ ಟ್ಯೂಷನ್, ಅಲ್ಲಿಯೂ ಅದೇ ಕೆಲಸ. ಮನೆಗೆ ಬಂದು ಒಂದು ಲೋಟ ಹಾಲು ಕುಡಿಯುವಷ್ಟರಲ್ಲಿ ಏಳು ಗಂಟೆ. ಅಲ್ಲಿ ಅಮ್ಮ ಪುಸ್ತಕ ತೆರೆದುಕೊಂಡು ಕುಳಿತಿರುತ್ತಾಳೆ. ಹೊಲದಲ್ಲಿ ದುಡಿದು ಬಂದ ಆಳಿಗೂ ನಾವು ಕೈಕಾಲು ತೊಳೆದು ಕೂರಲು ಬಿಡುತ್ತೇವೆ. ಇಡೀ ದಿನ ಸೋತು ಬಂದ ಒಂಬತ್ತು ವರ್ಷದ ಮಗುವಿಗೆ ಸೋಲಲು ಇನ್ನೆರಡು ಗಂಟೆ ಕೊಡುತ್ತೇವೆ. ಅದನ್ನು ಪ್ರೀತಿಯಿಂದಲೇ ಕೊಡುತ್ತೇವೆ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ಆ ಮಗು ಮರಳಿ ಬರುವ ಮನೆ ಎಲ್ಲಿ ಹೋಯಿತು ಎಂಬುದು ನನ್ನ ಪ್ರಶ್ನೆ.

ಅರ್ಕಾವೊತ್ತಿನ ಮುಂದೆ

ನನ್ನ ಮಗ ಈಗ ಏಳನೆಯ ತರಗತಿಯಲ್ಲಿದ್ದಾನೆ. ಮೂರನೆಯ ತರಗತಿಯ ಚಳಿಗಾಲದ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ನಡುಮನೆಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಗ ಅವರ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತಿದ್ದ. ಪಾಠದಲ್ಲಿ ಸೂರ್ಯ ಎಂಬ ಪದ ಬಂತು. "ಸೂ" ಎಂದ. ನಿಂತ. "ಸೂ... ಯ" ಎಂದ. ಬೆರಳನ್ನು ಮುಂದಕ್ಕೆ ಸರಿಸಿದಾಗ ಅರ್ಕಾವೊತ್ತು ಸಿಕ್ಕಿತು. "ಸೂ... ಯರ" ಎಂದ. ನನ್ನ ಮುಖ ನೋಡಿದ. ಮತ್ತೆ ಮೊದಲಿನಿಂದ ಶುರು ಮಾಡಿದ.

ಆ ಹೊತ್ತಿನಲ್ಲಿ ನಾನೂ ಆ ಪದವನ್ನು ಅವನ ಬೆರಳಿನ ಹಿಂದೆಯೇ ನೋಡಿದೆ. ನಾವು ಬರೆಯುವ ಸೂರ್ಯದಲ್ಲಿ ಕಣ್ಣಿಗೆ ಮೊದಲು ಸಿಗುವುದು ಯ, ಆಮೇಲೆ ಅರ್ಕಾವೊತ್ತು. ಬಾಯಿಗೆ ಮೊದಲು ಬರಬೇಕಾದದ್ದು ರ್, ಆಮೇಲೆ ಯ. ಅಂದರೆ ಕಣ್ಣು ಮುಂದಕ್ಕೆ ಹೋಗಿ, ಹಿಂದಕ್ಕೆ ಬಂದು, ಎರಡನ್ನೂ ಅದಲುಬದಲು ಮಾಡಿ ನಾಲಿಗೆಗೆ ಕೊಡಬೇಕು. ನಮಗೆ ಇದು ಎಂದೋ ಕೈಗೂಡಿದ ಕೆಲಸವಾದ್ದರಿಂದ ಅದು ಕೆಲಸವೆಂದೇ ಅನ್ನಿಸುವುದಿಲ್ಲ. ಕನ್ನಡ ಬರೆದಂತೆ ಓದುವ ಭಾಷೆ, ಅದರಲ್ಲಿ ಕಷ್ಟವೇನಿದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೂವತ್ತನಾಲ್ಕು ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಪ ಮತ್ತು ಷ, ದ ಮತ್ತು ಧ, ಬ ಮತ್ತು ಭ ಬೇರೆಯಾಗುವುದು ಒಂದು ಗೀಟಿನಿಂದ. ಓತ್ವ ಮತ್ತು ಒತ್ವಗಳ ನಡುವೆ ಇರುವುದು ಒಂದು ದೀರ್ಘ. ಹೆಚ್ಚಿನ ಮಕ್ಕಳು ಇದನ್ನೆಲ್ಲ ಆಡುತ್ತಾಡುತ್ತ ದಾಟಿಬಿಡುತ್ತಾರೆ. ಕೆಲವರು ಪ್ರತಿಯೊಂದು ಅಕ್ಷರವನ್ನೂ ಪ್ರತಿಸಲವೂ ಹೊಸದಾಗಿ ಗುರುತಿಸಿ ಗುರುತಿಸಿ ಮುಂದೆ ಹೋಗಬೇಕು.

ಅವನು ಆ ಸಾಲನ್ನು ಮುಗಿಸಲಿಲ್ಲ. ಅತ್ತೆ ಅವರೆಕಾಳಿನಿಂದ ತಲೆ ಎತ್ತದೆ, "ಸಾಕು ಬಿಡಮ್ಮ, ನೀನೇ ಓದಿ ಹೇಳು, ನಾನೂ ಕೇಳುತ್ತೇನೆ" ಎಂದರು. ಅತ್ತೆಗೆ ಅಕ್ಷರ ಬಾರದು. ನಾನು ಇಡೀ ಪಾಠವನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಕೊನೆಯಲ್ಲಿದ್ದ ಪ್ರಶ್ನೆಗಳನ್ನು ಕೇಳಿದೆ. ಮಗ ಒಂದನ್ನೂ ಬಿಡದೆ ಉತ್ತರ ಹೇಳಿದ. ಅಷ್ಟೇ ಅಲ್ಲ, ಪಾಠದಲ್ಲಿ ರೈತ ಬೆಳಗಿನ ಜಾವ ಹೊಲಕ್ಕೆ ಹೋಗುವುದಕ್ಕೂ ಮಧ್ಯಾಹ್ನ ಬಿತ್ತುವುದಕ್ಕೂ ನಡುವೆ ಊಟ ಮಾಡಿದ್ದೇ ಬರುವುದಿಲ್ಲವಲ್ಲ, ಅವನಿಗೆ ಹಸಿವಾಗುವುದಿಲ್ಲವೇ ಎಂದು ಕೇಳಿದ. ಅತ್ತೆ ನಕ್ಕು, "ಅದನ್ನು ಬರೆದವರು ಹೊಲಕ್ಕೆ ಹೋದವರಲ್ಲ, ನಾಯನಾ" ಎಂದರು. ಓದಲು ಬಾರದವನು ಅರ್ಥವಾಗದವನಲ್ಲ ಎಂಬುದು ನನಗೆ ಆ ಸಂಜೆ ಕಣ್ಣಾರೆ ಕಂಡಿತು. ಶಾಲೆಯಲ್ಲಿ ಅವನ ಬಗ್ಗೆ ಬರೆದಿದ್ದು "ವಿಷಯ ಗ್ರಹಿಕೆ ಕಡಿಮೆ" ಎಂದು.

ಎಲ್ಲರ ಬಳಿಯೂ ಇದ್ದ ಕಾರಣಗಳು

ನಾನು ತಿಪಟೂರಿನ ಕಡೆಯವಳು, ತವರಿನಲ್ಲಿ ಮನೆಮಾತು ಕನ್ನಡ. ಮದುವೆಯಾಗಿ ಬಂದ ಮನೆಯಲ್ಲಿ ತೆಲುಗು. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಎಂದರೆ ಹೀಗೆಯೇ. ಅಂಗಡಿಯಲ್ಲಿ ಒಂದು ಮಾತು, ಅಂಗಳದಲ್ಲಿ ಇನ್ನೊಂದು. ಇಲ್ಲೇ ಪಕ್ಕದ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಮಗನನ್ನು ಸೇರಿಸಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. ಹಾಗಾಗಿ ಅವನು ಓದುವುದಿಲ್ಲ ಎಂದ ತಕ್ಷಣ ಶಾಲೆಯವರಿಗೂ ನೆಂಟರಿಗೂ ಒಂದು ಉತ್ತರ ಸಿದ್ಧವಾಗಿತ್ತು: ಮನೆಯಲ್ಲಿ ತೆಲುಗು, ಅಮ್ಮನದು ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಪಾಪ ಮಗುವಿಗೆ ಗೊಂದಲ.

ಈ ಉತ್ತರವನ್ನು ಒಪ್ಪಿಕೊಳ್ಳುವುದು ಸುಲಭ, ಏಕೆಂದರೆ ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ನಮ್ಮ ಬೀದಿಯ ಮುಕ್ಕಾಲು ಮಕ್ಕಳು ಎರಡು ಮೂರು ಭಾಷೆಗಳ ನಡುವೆಯೇ ಬೆಳೆಯುತ್ತಾರೆ, ಉರ್ದು ಮನೆಗಳ ಮಕ್ಕಳಂತೂ ನಾಲ್ಕರ ನಡುವೆ. ಅವರಲ್ಲಿ ಹೆಚ್ಚಿನವರು ಓದುತ್ತಾರೆ. ಇದೇ ಮನೆಯಲ್ಲಿ, ಇದೇ ಅಜ್ಜಿಯ ಮಡಿಲಲ್ಲಿ ಬೆಳೆದ ನನ್ನ ಮಗಳು ಒಂದನೆಯ ತರಗತಿಯಲ್ಲೇ ಬಸ್ಸಿನ ಬೋರ್ಡುಗಳನ್ನು ಓದತೊಡಗಿದಳು. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಸರಿಯಿದ್ದೂ ಅಕ್ಷರ ಓದಲು ತೊಡಕಾಗುವ ಕಲಿಕಾ ನ್ಯೂನತೆ, ಬರುವುದಿಲ್ಲ. ಹೊಸ ಭಾಷೆಯ ಮಗುವಿಗೆ ಪದದ ಅರ್ಥ ಗೊತ್ತಿರುವುದಿಲ್ಲ; ಕಲಿಸಿದರೆ ಬರುತ್ತದೆ. ನನ್ನ ಮಗನಿಗೆ ಅರ್ಥ ಗೊತ್ತಿತ್ತು, ಅಕ್ಷರ ಶಬ್ದವಾಗುತ್ತಿರಲಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ, ಕನ್ನಡದಲ್ಲೂ ಹಾಗೆಯೇ. ಈ ಎರಡು ಬಗೆಯ ತೊಂದರೆಗಳನ್ನು ಬೇರ್ಪಡಿಸಿ ನೋಡುವವರು ನಮ್ಮ ಸುತ್ತ ಇರಲಿಲ್ಲ. ಗಡಿ ತಾಲ್ಲೂಕುಗಳಲ್ಲಿ ಭಾಷೆಯ ಈ ಕಾರಣ ಎಷ್ಟು ಮಕ್ಕಳ ಎಷ್ಟು ವರ್ಷಗಳನ್ನು ತಿಂದುಹಾಕುತ್ತಿದೆಯೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಭಾರವಾದದ್ದು: ಶ್ರಮ ಸಾಲದು ಎಂಬುದು. ನಮ್ಮ ಜಿಲ್ಲೆಯ ಶಾಲಾಮಕ್ಕಳನ್ನು ಮುದ್ದೇನಹಳ್ಳಿಗೆ ಕರೆದುಕೊಂಡು ಹೋಗದ ವರ್ಷವಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಮನೆ, ಸಮಾಧಿ, ಅವರು ಬೀದಿ ದೀಪದ ಕೆಳಗೆ ಓದಿದರೆಂಬ ಕಥೆ. ಗೌರಿಬಿದನೂರಿನ ಕಡೆಯವರಾದರೆ ಹೊಸೂರಿನ ಎಚ್. ನರಸಿಂಹಯ್ಯನವರ ಬಡತನದ ಕಥೆಯೂ ಸೇರುತ್ತದೆ. ಇವರಿಬ್ಬರ ಬಗ್ಗೆ ನನಗೆ ತುಂಬು ಗೌರವವಿದೆ, ಮಕ್ಕಳು ಈ ಕಥೆಗಳನ್ನು ಕೇಳಬೇಕು ಎಂದೇ ನಾನು ಬಯಸುತ್ತೇನೆ. ಆದರೆ ಪ್ರವಾಸದಿಂದ ಬಂದ ರಾತ್ರಿ ನನ್ನ ಮಗ ಕೇಳಿದ್ದು ಇದು: "ಅಮ್ಮಾ, ನಮ್ಮ ಮನೆಯಲ್ಲಿ ಕರೆಂಟು ಇದೆಯಲ್ಲ, ಆದರೂ ನನಗೇಕೆ ಬರುವುದಿಲ್ಲ?" ಆ ಕಥೆಗಳಲ್ಲಿ ಬಡತನವಿದೆ, ಕತ್ತಲೆಯಿದೆ, ಹಸಿವಿದೆ. ಅಕ್ಷರ ಹತ್ತದ ಮಗು ಇಲ್ಲ. ಕಷ್ಟಪಟ್ಟರೆ ಬಂದೇ ಬರುತ್ತದೆ ಎಂದು ಹೇಳಿದಾಗ, ಬಾರದವನು ಕಷ್ಟಪಟ್ಟಿಲ್ಲ ಎಂದೂ ಹೇಳಿದಂತಾಗುತ್ತದೆ. ಒಂದು ಪುಟ ಓದಲು ಅವನು ಪಡುವ ಶ್ರಮ ಅವನ ತರಗತಿಯ ಮೊದಲ ರ‍್ಯಾಂಕಿನ ಹುಡುಗಿ ವಾರವೆಲ್ಲ ಪಡುವ ಶ್ರಮಕ್ಕಿಂತ ಹೆಚ್ಚು. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಯಾರೂ ಕೇಳಿರದ ಪ್ರಶ್ನೆ

ನಾಲ್ಕನೆಯ ತರಗತಿಯ ಮಧ್ಯದಲ್ಲಿ ಮಗನನ್ನು ವೈದ್ಯರಿಗೆ ತೋರಿಸಲು ಹೊಸಕೋಟೆ ಮೇಲಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆವು. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಇದು ಎಷ್ಟು ಸರಳವಾದ ವಿಷಯ! ಮಂಜಾಗಿ ಕಾಣುವ ಅಥವಾ ಕಿವಿ ಮಂದವಾಗಿರುವ ಮಗುವೂ ಓದಿನಲ್ಲಿ ಹಿಂದೆ ಬೀಳುತ್ತದೆ, ಅದನ್ನು ಮೊದಲು ತಳ್ಳಿಹಾಕಬೇಕು. ಆಮೇಲೆ ಬುದ್ಧಿಮತ್ತೆಯ ಪರೀಕ್ಷೆ, ಅದಾದ ಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆಗಳು. ಕಲಿಕಾ ನ್ಯೂನತೆಯನ್ನು ಅಳೆಯಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸಮುಚ್ಚಯವನ್ನೇ ದೇಶದಲ್ಲಿ ಪ್ರಮಾಣಪತ್ರ ಕೊಡಲು ಬಳಸಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಅದರ ಪ್ರಕಾರ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, ಹದಿನಾಲ್ಕಕ್ಕೆ ಮತ್ತೊಮ್ಮೆ ಪರೀಕ್ಷೆ, ಹದಿನೆಂಟಕ್ಕೆ ಇನ್ನೊಮ್ಮೆ.

ಅವನನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞೆ ಚಿಕ್ಕ ವಯಸ್ಸಿನವರು. ನಡುವೆ ಪುಸ್ತಕ ಮುಚ್ಚಿ ಅವನನ್ನು ಕೇಳಿದರು: "ಓದುವಾಗ ನಿನಗೆ ಏನಾಗುತ್ತದೆ, ಹೇಳುತ್ತೀಯಾ?" ಮಗ ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. ಆಮೇಲೆ ಹೇಳಿದ: "ಮೊದಲನೆಯ ಅಕ್ಷರ ಗೊತ್ತಾಗುತ್ತದೆ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹೋಗಿಬಿಟ್ಟಿರುತ್ತದೆ. ಮತ್ತೆ ಹೋಗಿ ತರಬೇಕು." ಅವರು ಅದನ್ನು ಹಾಗೆಯೇ ಬರೆದುಕೊಂಡರು. ಮೂರೂವರೆ ವರ್ಷ ಶಾಲೆಗೆ ಹೋದ ಮಗುವನ್ನು ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಏಕೆ ಓದುವುದಿಲ್ಲ ಎಂದು ಕೇಳಿದವರೇ ಎಲ್ಲರೂ, ಮತ್ತು ಆ ಪ್ರಶ್ನೆಗೆ ತಲೆ ತಗ್ಗಿಸುವುದು ಬಿಟ್ಟರೆ ಮಗುವಿನ ಬಳಿ ಬೇರೆ ಉತ್ತರವಿರುವುದಿಲ್ಲ.

ವರದಿಯನ್ನು ಮನೆಗೆ ತಂದ ದಿನ ನಮ್ಮ ಭಾವ ಬಂದಿದ್ದರು. ನನ್ನ ಗಂಡನ ಅಣ್ಣ, ಟೊಮೆಟೊ ಮಂಡಿಯಲ್ಲಿ ವ್ಯಾಪಾರ ಮಾಡುತ್ತಾರೆ. ಆರನೆಯ ತರಗತಿಗೆ ಶಾಲೆ ಬಿಟ್ಟವರು. ಓದಿನಲ್ಲಿ ಸೋಮಾರಿಯಾಗಿದ್ದ, ಮೇಷ್ಟರ ಕೈಯಲ್ಲಿ ಹೊಡೆತ ತಿಂದು ತಿಂದು ಓಡಿಹೋದ ಎಂದು ಮನೆಯಲ್ಲಿ ಆಗಾಗ ನಗುತ್ತಾ ಹೇಳುವ ಕಥೆ ಅವರದು. ಅವರು ವರದಿಯನ್ನು ಓದಿ ಹೇಳು ಎಂದರು. ನಾನು ಒಂದೊಂದೇ ಸಾಲಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದೆ: ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಾನೆ, ಜೋಡಿಸುವಾಗ ತಡವರಿಸುತ್ತಾನೆ, ಸಾಲು ತಪ್ಪುತ್ತಾನೆ, ಹಲಗೆಯಿಂದ ನೋಡಿ ಬರೆಯುವಾಗ ಪದಗಳನ್ನು ಬಿಡುತ್ತಾನೆ, ಬುದ್ಧಿಮತ್ತೆ ವಯಸ್ಸಿಗೆ ತಕ್ಕಂತಿದೆ. ಕೊನೆಯ ಮಾತನ್ನು ಇನ್ನೊಂದು ಸಲ ಹೇಳು ಎಂದರು. ಹೇಳಿದೆ. "ಇದು ವಂಶದಲ್ಲಿ ಬರುವುದುಂಟೇನಮ್ಮ?" ಎಂದು ಕೇಳಿದರು. ಬರುವುದುಂಟು ಎಂದು ವೈದ್ಯರು ಹೇಳಿದ್ದರು, ಅದನ್ನೇ ಹೇಳಿದೆ. ಅವರಿಗೆ ಆಗ ಐವತ್ತು ದಾಟಿತ್ತು. ಅತ್ತೆ ಎದ್ದು ಒಳಗೆ ಹೋದರು.

ಓದು ಬಾರದಿದ್ದರೇನು, ಅವನಲ್ಲಿ ಬೇರೆ ಯಾವುದಾದರೂ ದೊಡ್ಡ ಪ್ರತಿಭೆ ಇದ್ದೇ ಇರುತ್ತದೆ, ಭಾವನವರನ್ನೇ ನೋಡು ಎಷ್ಟು ಚೆನ್ನಾಗಿ ವ್ಯಾಪಾರ ಮಾಡುತ್ತಾರೆ ಎಂದು ನನ್ನನ್ನು ಸಮಾಧಾನ ಮಾಡುವವರು ಬಹಳ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ನಾನು ಇದನ್ನು ಒಪ್ಪುವುದಿಲ್ಲ. ಭಾವನವರು ಒಮ್ಮೆ ಓದಲಾಗದ ಕರಾರು ಪತ್ರಕ್ಕೆ ನಂಬಿ ಸಹಿ ಹಾಕಿ ಜಮೀನಿನ ಒಂದು ಭಾಗ ಕಳೆದುಕೊಂಡರು. ಇವತ್ತಿಗೂ ಔಷಧಿಯ ಚೀಟಿ ಬಂದರೆ ಕನ್ನಡಕ ಮರೆತು ಬಂದೆ ಎನ್ನುತ್ತಾರೆ. ಓದು ಬೇಕು. ನನ್ನ ಮಗನಿಗೆ ಓದು ಬರಲೇಬೇಕು, ನಿಧಾನವಾಗಿಯಾದರೂ. ಇನ್ನು ಪ್ರತಿಭೆಯ ಮಾತು: ಅವನು ಚಿತ್ರ ಬಿಡಿಸುವವನೂ ಅಲ್ಲ, ಹಾಡುವವನೂ ಅಲ್ಲ, ಕ್ರಿಕೆಟ್ಟಿನಲ್ಲೂ ಸಾಧಾರಣ. ಓದು ತಡವಾದ ಮಗು ಅದಕ್ಕೆ ಪ್ರತಿಯಾಗಿ ಲೋಕಕ್ಕೆ ಒಂದು ಅದ್ಭುತವನ್ನು ತೋರಿಸಿ ಸಾಲ ತೀರಿಸಬೇಕಾಗಿಲ್ಲ.

ಗಲಾಟೆ ಮಾಡದ ಹುಡುಗಿ

ನಾದಿನಿಯ ಮಗಳು ಕೋಲಾರದಲ್ಲಿ ಓದುತ್ತಾಳೆ. ಅವಳ ವಿಷಯ ಬೇರೆ. ಓದಲು ಚೆನ್ನಾಗಿ ಬರುತ್ತದೆ, ಆದರೆ ಓದುತ್ತಾ ಓದುತ್ತಾ ಎಲ್ಲಿಗೋ ಹೋಗಿಬಿಡುತ್ತಾಳೆ. ಪ್ರಶ್ನೆಪತ್ರಿಕೆಯ ಹಿಂಬದಿಯನ್ನು ತಿರುಗಿಸುವುದೇ ಇಲ್ಲ. ಜಾಮೆಟ್ರಿ ಬಾಕ್ಸು, ಸ್ವೆಟರು, ಊಟದ ಡಬ್ಬಿ ವಾರಕ್ಕೊಂದು ಕಾಣೆ. ಮೂರು ಕೆಲಸ ಹೇಳಿ ಕಳಿಸಿದರೆ ಒಂದು ಮಾಡಿ ನಡುವೆ ನಿಂತಿರುತ್ತಾಳೆ. ಯಾರಿಗೂ ತೊಂದರೆ ಕೊಟ್ಟವಳಲ್ಲ, ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರುತ್ತಾಳೆ. ಅದಕ್ಕೇ ಎಂಟನೆಯ ತರಗತಿಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ಎಡಿಎಚ್‌ಡಿ ಎಂಬ ಗಮನದ ಕೊರತೆಯ ತೊಂದರೆ ಎಂದರೆ ಬೆಂಚಿನ ಮೇಲಿಂದ ಬೆಂಚಿಗೆ ಹಾರುವ ಹುಡುಗ ಎಂದೇ ನಮ್ಮೆಲ್ಲರ ತಲೆಯಲ್ಲಿದೆ. ಮೈ ಓಡಾಡದೆ ಮನಸ್ಸು ಮಾತ್ರ ಓಡಾಡುವ ರೀತಿಯದೂ ಒಂದಿದೆ, ಹೆಣ್ಣುಮಕ್ಕಳಲ್ಲಿ ಅದು ಹೆಚ್ಚಾಗಿ ಕಣ್ಣುತಪ್ಪುತ್ತದೆ. "ಒಳ್ಳೆಯ ಹುಡುಗಿ, ಸ್ವಲ್ಪ ಮರೆವು" ಎಂದು ಬಿಟ್ಟುಬಿಡುತ್ತಾರೆ.

ಎಲ್ಲ ಮಕ್ಕಳಿಗೂ ಗಮನ ತಪ್ಪುತ್ತದೆ, ಅದೆಲ್ಲ ಕಾಯಿಲೆಯಲ್ಲ ಎಂಬ ಮಾತು ನಿಜ. ಅದಕ್ಕಾಗಿಯೇ ವೈದ್ಯರು ಆತುರಪಡುವುದಿಲ್ಲ: ಕನಿಷ್ಠ ಆರು ತಿಂಗಳಿಂದ ಇದೆಯೇ, ಶಾಲೆ ಮತ್ತು ಮನೆ ಎರಡೂ ಕಡೆ ಇದೆಯೇ, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿತ್ತೇ ಎಂದು ನೋಡುತ್ತಾರೆ. ಅವಳಿಗೆ ಈಗ ಮಾತ್ರೆಯೂ ಇದೆ, ದಿನಚರಿಯನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳುವ ಅಭ್ಯಾಸವೂ ಇದೆ. ಮಾತ್ರೆ ಎಂದ ಕೂಡಲೇ ಮುಖ ಸಿಂಡರಿಸುವ ನೆಂಟರು ಬೆಳಗಿನಿಂದ ಸಂಜೆಯವರೆಗೆ ಹುಡುಗಿಗೆ ಬೈಗುಳ ಬೀಳುತ್ತಿದ್ದಾಗ ಮುಖ ಸಿಂಡರಿಸಿದ್ದನ್ನು ನಾನು ನೋಡಿರಲಿಲ್ಲ.

ಇಬ್ಬರು ಮಕ್ಕಳ ನಡುವೆ ಕಾನೂನು ಮಾಡುವ ಒಂದು ವ್ಯತ್ಯಾಸ ನನಗೆ ನೋವು ತರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ ಇಪ್ಪತ್ತೊಂದು ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. 1995ರ ಹಳೆಯ ಕಾಯ್ದೆಯಲ್ಲಿ ಅದು ಇರಲಿಲ್ಲ. ಹಾಗಾಗಿ ನನ್ನ ಮಗನಿಗೆ ಪ್ರಮಾಣಪತ್ರವಿದೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳುವ ಹಕ್ಕಿದೆ. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಇಲ್ಲ. ನಾದಿನಿಯ ಮಗಳು ಆ ಹೆಚ್ಚಿನ ಸಮಯಕ್ಕಾಗಿ ಶಾಲೆಯವರ ದಯೆಯನ್ನೇ ನಂಬಬೇಕು.

ಏಣಿ ತೆಗೆಯುವ ಹೊತ್ತು

ಶಿಕ್ಷಕರ ಮೇಲೆ ಎಲ್ಲವನ್ನೂ ಹೊರಿಸುವವರ ಜೊತೆ ನಾನು ದನಿಗೂಡಿಸಲಾರೆ. ನಲವತ್ತೈದು ಮಕ್ಕಳ ತರಗತಿ, ಮುಗಿಸಲೇಬೇಕಾದ ಪಾಠಗಳು, ತುಂಬಿಸಲೇಬೇಕಾದ ದಾಖಲೆಗಳ ನಡುವೆ ಒಬ್ಬ ಹುಡುಗನ ಬೆರಳು ಅರ್ಕಾವೊತ್ತಿನ ಮುಂದೆ ನಿಂತಿರುವುದನ್ನು ಯಾರು ತಾನೇ ಗಮನಿಸಬಲ್ಲರು? ಆದರೆ ನಮ್ಮ ರಾಜ್ಯಕ್ಕೆ ಈ ವಿಷಯ ಗೊತ್ತಿಲ್ಲವೆಂದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಆಮೇಲೆ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿಯ ತಿರುಳೇ ಇದು. ಒಂದರಿಂದ ಮೂರನೆಯ ತರಗತಿಯವರೆಗೆ ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ನಿಂತು ತನ್ನ ವೇಗದಲ್ಲಿ ಏರಬಹುದು. ಅಕ್ಷರಗಳೂ ಅ, ಆ ಇಂದ ಶುರುವಾಗದೆ ರ, ಗ, ಸ, ದ, ಅ ಎಂದು ಬರುತ್ತವೆ, ನಾಲ್ಕೈದು ಅಕ್ಷರ ಬಂದ ಕೂಡಲೇ ಮಗು ಪದ ಓದಬಹುದು. ಇದರ ಹಿಂದಿರುವ ಯೋಚನೆಗೆ ನಾನು ಕೈಮುಗಿಯುತ್ತೇನೆ. ಆದರೆ ನಾಲ್ಕನೆಯ ತರಗತಿಗೆ ಬಂದ ಕೂಡಲೇ ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಟ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಗಲು ಶುರುವಾಗುವುದು ಎಂಟು ವರ್ಷ ತುಂಬಿದ ಮೇಲೆ, ಅಂದರೆ ಸುಮಾರಾಗಿ ಅದೇ ಹೊತ್ತಿಗೆ. ಮಗುವಿಗೆ ಏನಿದೆಯೆಂದು ತಿಳಿಯುವ ವಯಸ್ಸಿನಲ್ಲೇ ಅದರ ವೇಗಕ್ಕೆ ಜಾಗವಿದ್ದ ತರಗತಿ ಮುಗಿದಿರುತ್ತದೆ.

ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬರಬೇಕು, ಅವರ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಗಮನದ ಕೊರತೆಯೂ ಇವೆ. ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಬೆರಳೆಣಿಕೆಯ ಜನ, ಇಡೀ ತಾಲ್ಲೂಕು, ಕಣ್ಣು ಕಾಣದ ಮಗುವಿನಿಂದ ಹಿಡಿದು ನಡೆಯಲಾಗದ ಮಗುವಿನವರೆಗೆ ಎಲ್ಲರೂ ಅವರ ಹೊಣೆ. ನಮಗೆ ಸಿಕ್ಕ ಶಿಕ್ಷಕಿ ತಮ್ಮ ವ್ಯಾಪ್ತಿಗೆ ಸೇರದ ಖಾಸಗಿ ಶಾಲೆಯ ಮಗುವೆಂದು ಗೊತ್ತಿದ್ದೂ ಒಂದು ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಹೇಗೆ ಕಲಿಸಬೇಕೆಂದು ನನಗೆ ತೋರಿಸಿಕೊಟ್ಟರು. ಆ ಋಣ ನನ್ನ ಮೇಲಿದೆ.

ಹದಿನೈದು ನಿಮಿಷ

ಆ ಶಿಕ್ಷಕಿ ಹೇಳಿದ್ದು: ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ, ಒಂದು ದಿನವೂ ತಪ್ಪಬಾರದು. ಒಂದು ಸಲಕ್ಕೆ ಒಂದೇ ಗುರುತು. ಗುಡಿಸು ಎಂದರೆ ಗುಡಿಸು ಮಾತ್ರ, ಅದು ಕೈಗೆ, ಕಿವಿಗೆ, ಬಾಯಿಗೆ ಹತ್ತುವವರೆಗೆ ಕೊಂಬಿಗೆ ಹೋಗಬಾರದು. ಪದವನ್ನು ಚಪ್ಪಾಳೆ ತಟ್ಟಿ ಒಡೆಯಬೇಕು. ಬರೆಯುವುದು ಮೊದಲು ಹಾಳೆಯ ಮೇಲಲ್ಲ. ಅತ್ತೆ ಮೊರದಲ್ಲಿ ಒಂದು ಸೇರು ರಾಗಿ ಹರವಿ ಕೊಟ್ಟರು. ಮಗ ತೋರುಬೆರಳಿನಿಂದ ರಾಗಿಯಲ್ಲಿ ಅಕ್ಷರ ತಿದ್ದುತ್ತಾ ಅದರ ಶಬ್ದವನ್ನು ಗಟ್ಟಿಯಾಗಿ ಹೇಳಬೇಕು. ಅರ್ಕಾವೊತ್ತಿಗೆ ಆ ಶಿಕ್ಷಕಿ ಒಂದು ಉಪಾಯ ಹೇಳಿಕೊಟ್ಟರು: ಕೆಲವು ತಿಂಗಳು ಸೂರ್ಯವನ್ನು ಸೂರ್‌ಯ ಎಂದು, ಧರ್ಮವನ್ನು ಧರ್‌ಮ ಎಂದು ಬಿಡಿಸಿ ಬರೆದುಕೊಳ್ಳಲಿ, ಆಮೇಲೆ ಪುಸ್ತಕದ ರೂಪಕ್ಕೆ ತನ್ನಿ ಎಂದು. ಬಾಯಿಗೆ ಬರುವ ಕ್ರಮದಲ್ಲೇ ಕಣ್ಣಿಗೂ ಕಂಡ ಮೇಲೆ ಅದು ಬಗೆಹರಿಯಿತು. ಮೂರನೆಯ ತರಗತಿಯಿಂದ ಕಾಡಿದ ಒಂದು ಗುರುತು!

ಹದಿನೈದು ನಿಮಿಷದ ಮೇಲೆ ಪುಸ್ತಕ ಮುಚ್ಚಬೇಕು ಎಂಬ ಮಾತೇ ನನ್ನ ಗಂಡನಿಗೆ ಒಪ್ಪಿಗೆಯಾಗಲು ಬಹಳ ಕಾಲ ಹಿಡಿಯಿತು. ಹೀಗೆ ಬಿಟ್ಟರೆ ಇನ್ನೂ ಹಿಂದೆ ಬೀಳುತ್ತಾನೆ ಎಂಬುದು ಅವರ ಭಯ, ಅದು ಅರ್ಥವಾಗದ ಭಯವಲ್ಲ. ಆದರೆ ಉಳಿದ ಹೊತ್ತು ಖಾಲಿಯಾಗಿರುವುದಿಲ್ಲ. ಸಮಾಜ, ವಿಜ್ಞಾನದ ಪಾಠಗಳನ್ನು ನಾನು ಅಥವಾ ಮಗಳು ಗಟ್ಟಿಯಾಗಿ ಓದುತ್ತೇವೆ, ಇಲ್ಲವಾದರೆ ಮೊಬೈಲಿನಿಂದಲೇ ಓದಿಸುತ್ತೇವೆ. ಅವನು ಕೇಳಿಸಿಕೊಂಡು ಬಾಯಲ್ಲಿ ಉತ್ತರ ಹೇಳುತ್ತಾನೆ. ಮನೆಗೆಲಸದ ಅರ್ಧದಷ್ಟು ಉತ್ತರಗಳನ್ನು ಅವನು ಹೇಳಿದಂತೆ ನಾನು ಬರೆದು, ಕೆಳಗೆ "ಉತ್ತರ ಅವನದು, ಬರಹ ನನ್ನದು" ಎಂದು ಸಹಿ ಹಾಕಿ ಕಳಿಸುತ್ತೇನೆ. ಮೊದಲು ಶಾಲೆಯಲ್ಲಿ ಇದಕ್ಕೆ ಆಕ್ಷೇಪ ಬಂತು. ಬೇರೆ ಮಕ್ಕಳೂ ಕೇಳುತ್ತಾರೆ, ಅದು ಅನ್ಯಾಯವಾಗುತ್ತದೆ ಎಂದರು. ನಾನು ಕಾಯ್ದೆಯ ಪ್ರತಿಯನ್ನು ತೆಗೆದುಕೊಂಡು ಹೋದೆ. ಅದರ 16ನೆಯ ಸೆಕ್ಷನ್ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಬೋಧನಾ ಕ್ರಮ ಕೈಗೊಳ್ಳುವುದನ್ನು ಶಿಕ್ಷಣ ಸಂಸ್ಥೆಗಳ ಹೊಣೆಯಾಗಿಸುತ್ತದೆ. 17ನೆಯದು ಹೆಚ್ಚಿನ ಸಮಯ, ಬರೆಯಲು ಸಹಾಯಕ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಎಂದು ಹೆಸರಿಸಿಯೇ ಹೇಳುತ್ತದೆ. ಮುಖ್ಯ ಶಿಕ್ಷಕಿ ಅದನ್ನು ನಿಧಾನವಾಗಿ ಓದಿ, "ನಮಗೆ ಇದನ್ನು ಯಾವ ತರಬೇತಿಯಲ್ಲೂ ಹೇಳಿಲ್ಲ" ಎಂದರು. ನಿಜವೇ ಇರಬೇಕು. ಆ ವರ್ಷದಿಂದ ಸಮಾಜ ವಿಜ್ಞಾನದ ಕಿರುಪರೀಕ್ಷೆಗಳನ್ನು ಬಾಯಲ್ಲಿ ತೆಗೆದುಕೊಂಡರು.

ಕಲಿಸುವುದು ನಮ್ಮ ಕೆಲಸವಲ್ಲ ಎಂದು ನಾನು ಹೇಳುತ್ತಿಲ್ಲ. ತಾಲ್ಲೂಕಿನಲ್ಲಿ ವಿಶೇಷ ಶಿಕ್ಷಕರು ಇಷ್ಟೇ ಇರುವಾಗ ತಾಯಿತಂದೆ ಕಲಿಸದೆ ಗತಿಯಿಲ್ಲ. ಆದರೆ ಶಾಲೆಯ ಪರವಾಗಿ ಮಗುವಿನ ಮೇಲೆ ಒತ್ತಡ ತರುವುದಕ್ಕೆ ನಾವು ಖರ್ಚು ಮಾಡುವ ಶಕ್ತಿಯನ್ನು ಮಗುವಿನ ಪರವಾಗಿ ಶಾಲೆಯ ಮೇಲೆ ಒತ್ತಡ ತರುವುದಕ್ಕೆ ಖರ್ಚು ಮಾಡಬೇಕು. ನಮ್ಮಲ್ಲಿ ತಾಯಂದಿರು ಪೋಷಕರ ಸಭೆಯಲ್ಲಿ ತಲೆ ತಗ್ಗಿಸಿ ಕೇಳಿಸಿಕೊಂಡು, ಮನೆಗೆ ಬಂದು ಅದನ್ನೇ ಮಗುವಿಗೆ ಎರಡು ಪಟ್ಟು ಮಾಡಿ ಕೊಡುತ್ತಾರೆ. ಹೊಡೆಯುವುದನ್ನೂ ಅವಮಾನಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ನಿಷೇಧಿಸಿದೆ. ಮನೆಯ ನಡುಮನೆಗೆ ಆ ಕಾಯ್ದೆ ಬರುವುದಿಲ್ಲ, ಅಲ್ಲಿ ನಾವೇ ಇದ್ದೇವೆ.

ಮಗನ ಓದು ಈಗ ನಿಧಾನ, ಆದರೆ ಸರಿ. ದಿನಪತ್ರಿಕೆಯ ಒಂದು ಸಣ್ಣ ಸುದ್ದಿಗೆ ಐದಾರು ನಿಮಿಷ ಬೇಕು. ಕನ್ನಡದಲ್ಲಿ ಒಮ್ಮೆ ಗಟ್ಟಿಯಾದ ಗುರುತು ಎಲ್ಲ ಪದದಲ್ಲೂ ಹಾಗೆಯೇ ಇರುತ್ತದೆ ಎಂಬುದು ಅವನಿಗೆ ದೊಡ್ಡ ನೆಮ್ಮದಿ. ಇಂಗ್ಲಿಷ್ ಮಾತ್ರ ಇನ್ನೂ ದುಸ್ತರ. ಎಂಟನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ಸೇರಿಸಬೇಕೆಂದು ನಾನೂ ಅವನೂ ನಿರ್ಧರಿಸಿದ್ದೇವೆ. ಅದನ್ನು ಕೇಳಿದ ಕೆಲವರು ಹುಡುಗನನ್ನು ಕೈಬಿಟ್ಟಿರಾ ಎಂದು ಕೇಳಿದರು. ಅತ್ತೆಗೆ ಈ ಮಾತು ತಾಗಿತು, ಕೇಳಿದವರ ಮನೆಯ ಮದುವೆಗೂ ಹೋಗಲಿಲ್ಲ.

ಈ ಬೇಸಿಗೆಯಲ್ಲಿ ಹೈಸ್ಕೂ‌ಲು ಹುಡುಕುತ್ತಿದ್ದೇವೆ. ಫಲಿತಾಂಶದ ಶೇಕಡಾವಾರನ್ನು ಎಲ್ಲರೂ ಗೋಡೆಯ ಮೇಲೆಯೇ ಬರೆಸಿರುತ್ತಾರೆ, ಅದನ್ನು ಕೇಳಬೇಕಾಗಿಲ್ಲ. ನಾನು ಕೇಳುವುದು ಒಂದೇ: ನಿಮ್ಮಲ್ಲಿ ಓದಲು, ಬರೆಯಲು ಕಷ್ಟಪಡುವ ಮಕ್ಕಳು ಎಷ್ಟು ಜನ ಇದ್ದಾರೆ? ಹೆಚ್ಚಿನ ಕಡೆ "ಅಂಥವರು ನಮ್ಮಲ್ಲಿ ಯಾರೂ ಇಲ್ಲ" ಎಂಬ ಉತ್ತರ ಬರುತ್ತದೆ. ಕೂಡಲೇ ನಮಸ್ಕಾರ ಹೇಳಿ ಎದ್ದು ಬರುತ್ತೇವೆ. ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮಾತ್ರ ಮುಖ್ಯ ಶಿಕ್ಷಕರು ಸ್ವಲ್ಪ ಯೋಚಿಸಿ ಹೇಳಿದರು: "ಒಂಬತ್ತನೆಯಲ್ಲಿ ಇಬ್ಬರು ಇದ್ದಾರೆ, ಅವರಿಗೆ ಎಸ್ಸೆಸ್ಸೆಲ್ಸಿಗೆ ಹೆಚ್ಚಿನ ಸಮಯ ಕೇಳಿ ಕಾಗದಪತ್ರ ಮಾಡಿಸುತ್ತಿದ್ದೇನೆ. ಎಂಟನೆಯಲ್ಲಿ ಇನ್ನೂ ಮೂವರ ಬಗ್ಗೆ ನನಗೆ ಅನುಮಾನವಿದೆ, ಮನೆಯವರು ಒಪ್ಪುತ್ತಿಲ್ಲ. ನೀವು ಬಂದು ಅವರ ತಾಯಂದಿರ ಹತ್ತಿರ ಮಾತನಾಡುತ್ತೀರಾ?" ಅಲ್ಲಿಂದ ಅರ್ಜಿ ತಂದಿದ್ದೇವೆ. ಮಾತನಾಡಲು ಮುಂದಿನ ಶನಿವಾರ ಬರುತ್ತೇನೆ ಎಂದು ಹೇಳಿದ್ದೇನೆ, ಭಾವನವರೂ ಜೊತೆಗೆ ಬರುತ್ತೇನೆ ಎಂದಿದ್ದಾರೆ.